ರಾಜೀನಾಮೆ ರಾಯರು

ಬೆಂಗಳೂರಿನ ಔಟರ್ ರಿಂಗ್ ರೋಡಿನ ಯಾವ ಟೆಕ್ ಪಾರ್ಕಿಗೆ ಹೋದರೂ ರಾಜೀನಾಮೆ ರಾಯರೊಬ್ಬರು ಸಿಕ್ಕೇ ಸಿಗುತ್ತಾರೆ. ಸೋಮವಾರ ಹನ್ನೊಂದರ ಕಾಫಿಗೆ ನಿಂತವರಲ್ಲಿ ಯಾರು ‘ಈ ಸಲ ಪೇಪರ್ ಹಾಕೋದೇ, ಬರೆದಿಟ್ಕೊಳ್ಳಿ’ ಅನ್ನುತ್ತಾರೋ ಅವರೇ. ಬರೆದಿಡುವ ಕೆಲಸವನ್ನೂ ಅವರೇ ಮುಗಿಸಿದ್ದಾರೆ. ಪತ್ರ ಡ್ರಾಫ್ಟಿನಲ್ಲಿ ಬೆಚ್ಚಗೆ ಮಲಗಿದೆ. ಮೂವರು ಮ್ಯಾನೇಜರ್‌ಗಳು ಬಂದು ಹೋದರು. ‘ಡಿಯರ್’ ಮುಂದಿನ ಹೆಸರು ಬದಲಾಯಿತೇ ಹೊರತು ಪತ್ರ ಹೊರಡಲಿಲ್ಲ.

ಹೊರಡಲು ಮುಹೂರ್ತ ಕೂಡಿಬರಬೇಕಲ್ಲ! ಏಪ್ರಿಲ್ ಹೈಕ್ ಆಗಲಿ ಅಂದರು. ಆಯಿತು, ಮೂಗಿಗೆ ಸವರಿದಷ್ಟು. ಹಾಗಾದರೆ ಬೋನಸ್ಸಾದರೂ ಕೈಸೇರಲಿ. ಅಷ್ಟರಲ್ಲಿ ಐದು ವರ್ಷ ತುಂಬಲು ನಾಲ್ಕೇ ತಿಂಗಳು ಉಳಿದಿತ್ತು. ಗ್ರಾಚ್ಯುಟಿ ಬಿಡೋಕಾಗತ್ತಾ? ವರ್ಷಕ್ಕೆ 15 ದಿನದ ಸಂಬಳದ ಲೆಕ್ಕವನ್ನು, 26ರಿಂದ ಭಾಗಿಸಿ, ರಾಯರು ಬಾಯಲ್ಲೇ ಹೇಳುತ್ತಾರೆ. ಆಮೇಲೆ ಹೊರಮಾವಿನ ಫ್ಲಾಟಿನ ಇಎಂಐ. ಬಿಟ್ಟ ಮೇಲೆ ಸಕಲೇಶಪುರದಲ್ಲಿ ಹೋಮ್‌ಸ್ಟೇ ಅಂತೆ. ಹೆಸರು, ಬೋರ್ಡಿನ ಬಣ್ಣ, ಬೆಳಗಿನ ಅಕ್ಕಿರೊಟ್ಟಿಗೆ ಯಾವ ಚಟ್ನಿ, ಎಲ್ಲವೂ ನಿಶ್ಚಯ. ಜಾಗವನ್ನು ಮಾತ್ರ ಇನ್ನೂ ನೋಡಿಲ್ಲ.

ಹೆದರುಪುಕ್ಕ ಅಂತ ನಗಬೇಡಿ, ಇದಕ್ಕೆ ಶಾಸ್ತ್ರಾಧಾರವಿದೆ. ಝಿಮ್ಮರ್‌ಮನ್ ಎಂಬ ಸಂಶೋಧಕ 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ. ‘ಬಿಡಬೇಕು’ ಎಂಬ ಚಡಪಡಿಕೆ ಹೆಚ್ಚಾಗಿ ಬೇಗ ಕಳವಳಪಡುವವರದು. ನಿಜಕ್ಕೂ ಬಿಡುವುದು ಬಿಡದಿರುವುದು ಮಾತ್ರ ಕರ್ತವ್ಯನಿಷ್ಠೆಗೂ ಹೊಂದಿಕೊಳ್ಳುವ ಗುಣಕ್ಕೂ ಸೇರಿದ್ದು. ರಾಯರಲ್ಲಿ ಈ ಮೂರೂ ಧಾರಾಳ! ಮ್ಯಾನೇಜರಿಗೆ ಶಾಪ ಹಾಕುತ್ತಲೇ ಶುಕ್ರವಾರ ರಾತ್ರಿಯ ರಿಲೀಸಿಗೆ ಕೂರುವವರು ಅವರೇ. ‘ಐದು ನಿಮಿಷ ಕಾಲ್‌ಗೆ ಬರ್ತೀರಾ?’ ಅಂದರೆ ಸಾಕು, ಶಾಪ ಅರ್ಧಕ್ಕೇ ನಿಂತು ‘ಶೂರ್ ಶೂರ್’ ಬರುತ್ತದೆ.

ಪಕ್ಕದ ಸೀಟಿನ ಹುಡುಗಿ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚುವವಳು, ಆಗದ್ದಕ್ಕೆ ‘ಆಗಲ್ಲ’ ಅನ್ನುವವಳು. ಒಂದು ಮಂಗಳವಾರ ಸದ್ದಿಲ್ಲದೆ ಪೇಪರ್ ಹಾಕಿದಳು. ಬೀಳ್ಕೊಡುಗೆಗೆ ತಲೆಗೆ 200 ರೂಪಾಯಿ ವಸೂಲು ಮಾಡಿ, ಮೊಟ್ಟೆಯಿಲ್ಲದ ಕೇಕು ತರಿಸಿದವರು ನಮ್ಮ ರಾಯರೇ.

‘ಏನಮ್ಮಾ, ಒಂದು ಮಾತು ಹೇಳಬಾರದಿತ್ತಾ? ಜೊತೆಗೇ ಹಾಕ್ತಿದ್ವಲ್ಲ!’

‘ನೀವು ಹೋಗ್ತೀರ ಅಂತ ನಿಮ್ಮ ಕೆಲಸಾನೂ ನನಗೇ ಕಲಿಸಿದ್ರು, ಸರ್. ಎರಡೂ ಮಾಡಿ ಸಾಕಾಯ್ತು.’

ನೋಟಿಸಿನ 90 ದಿನದಲ್ಲಿ ಆಕೆ ಕೆಲಸ ಕಲಿಸಿಕೊಟ್ಟದ್ದು ರಾಯರಿಗೆ.