ಎಂತದೂ ಮಾಡಲ್ಲ, ಬನ್ನಿ

ನಮ್ಮ ಕಡೆ ಯಾರ ಮನೆಗೆ ಹೋದರೂ ಕುಶಲ ಕೇಳುವುದು ಆಮೇಲೆ. ಮೊದಲು ದಣಪೆಯಾಚೆ ನಿಂತು, ಮಡಿಸಿದ ಕೊಡೆಯನ್ನು ಈಟಿಯ ಹಾಗೆ ಮುಂದಕ್ಕೆ ಹಿಡಿದು, "ನಾಯಿ ಕಟ್ಟಿದೀರಾ?" ಅಂತ ಕೂಗಬೇಕು. ಅಡ್ಡಗದ್ದೆಯಲ್ಲಿ ಕೂಗಿ, ಕೊಪ್ಪದಲ್ಲಿ ಕೂಗಿ, ನರಸಿಂಹರಾಜಪುರದಾಚೆ ಹೋಗಿ ಕೂಗಿ, ಒಳಗಿಂದ ಬರುವ ಉತ್ತರ ಒಂದೇ. "ಅದು ಎಂತದೂ ಮಾಡಲ್ಲ, ಬನ್ನಿ!"

ಈ ಉತ್ತರ ಕೊಡುವವರು ಸಾಮಾನ್ಯವಾಗಿ ಬಚ್ಚಲಲ್ಲೋ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಇರುತ್ತಾರೆ. ಬಂದವರು ಯಾರೆಂದು ಅವರಿಗೆ ಗೊತ್ತಿಲ್ಲ. ನಾಯಿ ಎಲ್ಲಿದೆಯೆಂದು ಗೊತ್ತಿಲ್ಲ. ಆ ಹೊತ್ತಿಗೆ ಅದರ ಮನಸ್ಸಿನಲ್ಲಿ ಏನಿದೆಯೆಂದು ನಾಯಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಆದರೂ ಜಾಮೀನು ಹಾಕಿಬಿಡುತ್ತಾರೆ. ಸೊಸೈಟಿಯಲ್ಲಿ ಐವತ್ತು ಸಾವಿರದ ಸಾಲಕ್ಕೆ ಜಾಮೀನು ಹಾಕು ಅಂದರೆ ಮೂರು ದಿನ ಯೋಚಿಸುವ ಮನುಷ್ಯ, ನಾಲ್ಕು ಕೋರೆಹಲ್ಲಿನ ಪ್ರಾಣಿಗೆ ಅರೆಗಳಿಗೆಯಲ್ಲಿ ಹಾಕುತ್ತಾನೆ. ನಾನೂ ಮೂವತ್ತು ವರ್ಷ ಹಾಗೆ ಹಾಕಿಕೊಂಡು ಬಂದವನೇ.

ಈಗಿರುವವನು ಕರಿಯ. ಬಣ್ಣ ಕಂದು. ಕರಿಯ ಅನ್ನುವುದು ಇವನ ಹಿಂದಿನವನ ಹೆಸರು. ಅವನು ತೀರಿಹೋದ ಮೇಲೆ ಇವನು ಗೊಬ್ಬರದ ಚೀಲದಲ್ಲಿ, ತಲೆ ಮಾತ್ರ ಹೊರಗೆ ಹಾಕಿಕೊಂಡು, ಸ್ಕೂಟರಿನಲ್ಲಿ ಬಂದ. ಹೊಸ ಹೆಸರು ಹುಡುಕೋಣ ಅನ್ನುವಷ್ಟರಲ್ಲಿ ಮನೆಯವರ ನಾಲಿಗೆ ಹಳೆಯದನ್ನೇ ಕೂಗಿತು, ಇವನು ಓಡಿಬಂದ, ನಾಮಕರಣ ಮುಗಿಯಿತು. ಇವನಿಗೆ ಮೂರು ಕೆಲಸ. ಹಗಲು ಮಂಗ ಓಡಿಸುವುದು, ರಾತ್ರಿ ಹಂದಿ ಓಡಿಸುವುದು, ಸುಗ್ಗಿಯಲ್ಲಿ ಅಂಗಳದ ಅಡಿಕೆ ಕಾಯುವುದು. ಮಂಗನ ಇಲಾಖೆಯಲ್ಲಿ ಸೋಲೇ ಹೆಚ್ಚು. ಅವು ಮರದ ತುದಿಯಲ್ಲಿ ಕೂತು ಎಳೆ ಅಡಿಕೆ ಕಿತ್ತು ಇವನ ತಲೆಗೇ ಗುರಿ ಇಡುತ್ತವೆ. ಇವನು ಬುಡ ಸುತ್ತಿ ಸುತ್ತಿ ಬೊಗಳಿ, ಸಂಜೆ ಮೈತುಂಬ ಉಣುಗು ಹತ್ತಿಸಿಕೊಂಡು ಬರುತ್ತಾನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಡೆ ಮೊದಲು ಗುರುತಿಸಿದ ಮಂಗನ ಕಾಯಿಲೆ ಈಗ ನಮ್ಮ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ಈ ಉಣುಗೇ. ಹಾಗಾಗಿ ಬೇಸಗೆ ಬಂತೆಂದರೆ ನನ್ನ ಹೆಂಡತಿ ಕರಿಯನನ್ನು ಜಗಲಿ ಹತ್ತಲು ಬಿಡುವುದಿಲ್ಲ. ತೋಟದಿಂದ ಬಂದ ನನ್ನನ್ನೂ ಬಟ್ಟೆ ಬದಲಿಸದೆ ಒಳಗೆ ಬಿಡುವುದಿಲ್ಲ. ಇಬ್ಬರೂ ಮೆಟ್ಟಿಲ ಕೆಳಗೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಇಂಥ ಮನೆಗೆ ಕಳೆದ ಭಾದ್ರಪದದಲ್ಲಿ, ಗೌರಿ ಹಬ್ಬ ಕಳೆದ ಮೂರನೇ ದಿನ, ಕೊಪ್ಪದಿಂದ ಭಾವ ಬಂದರು. ಭಾವ ಅಂದರೆ ನನ್ನ ಷಡ್ಡಕರು, ಹೆಂಡತಿಯ ಅಕ್ಕನ ಗಂಡ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಾತು ತೂಕ, ನಡಿಗೆ ತೂಕ, ಪಂಚೆಯ ಅಂಚು ಕಣಕಾಲಿಗಿಂತ ಸರಿಯಾಗಿ ನಾಲ್ಕು ಬೆರಳು ಮೇಲೆ. ದಣಪೆಯಲ್ಲಿ ನಿಂತು ರೂಢಿಯಂತೆ ಕೇಳಿದರು. ನಾನು ಬಚ್ಚಲಲ್ಲಿದ್ದೆ, ತಲೆತುಂಬ ಸೋಪು. ರೂಢಿಯಂತೆ ಉತ್ತರ ಕೊಟ್ಟೆ. ಅವರು ನಂಬಿ ಒಳಗೆ ಬಂದು, ಅಂಗಳದ ನಡುವೆ ಬಂದ ಮೇಲೆ ಮಳೆ ನಿಂತಿದೆಯೆಂದು ಕೊಡೆ ಮಡಿಸಿದರು. ಕರಿಯನಿಗೆ ಕೊಡೆ ಬಿಚ್ಚಿದರೂ ಆಗುವುದಿಲ್ಲ, ಮಡಿಸಿದರೂ ಆಗುವುದಿಲ್ಲ. ಪಂಚೆಯ ಅಂಚಿಗಿಂತ ಸ್ವಲ್ಪ ಕೆಳಗೆ, ಮೀನಖಂಡದಲ್ಲಿ, ಎರಡು ಹಲ್ಲು ಇಳಿದವು.

"ಎಂತದೂ ಮಾಡಲ್ಲ ಅಂದ್ಯಲ್ಲ ಮಾರಾಯ!" ಎಂಬ ಕೂಗು ಬಚ್ಚಲಿಗೆ ಕೇಳಿತು.

ನಾಯಿ ಕಚ್ಚಿದರೆ ಗಾಯವನ್ನು ತಕ್ಷಣ ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಪುಣ್ಯಕ್ಕೆ ಸೋಪು ನನ್ನ ಕೈಯಲ್ಲೇ ಇತ್ತು. ಟವೆಲು ಸುತ್ತಿಕೊಂಡು ಓಡಿದವನು ಭಾವನನ್ನು ಅಂಗಳದ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂರಿಸಿ ಕಾಲು ಹಿಡಿದೆ. ಹದಿನೈದು ನಿಮಿಷ ಎಷ್ಟು ಉದ್ದ ಅನ್ನುವುದು ಷಡ್ಡಕನ ಕಾಲು ತೊಳೆದವನಿಗೇ ಗೊತ್ತು. ಮಾತಾಡಲು ವಿಷಯವಿಲ್ಲ. ನನ್ನ ತಲೆಯ ನೊರೆ ಅವರ ಮಂಡಿಯ ಮೇಲೆ ತೊಟ್ಟಿಕ್ಕುತ್ತಿದೆ. ಅವರು ವಾಚು ನೋಡುತ್ತಿದ್ದಾರೆ. ಅಡುಗೆಮನೆಯಿಂದ ಹೊರಗೆ ಬಂದ ನನ್ನ ಹೆಂಡತಿ, "ಇದೆಂತ, ಮದುವೆ ಆಗಿ ಮೂವತ್ತು ವರ್ಷದ ಮೇಲೆ ಈಗ ಪಾದ ತೊಳೀತಿದೀರಿ?" ಅಂದಳು. ವಿಷಯ ತಿಳಿದ ಮೇಲೆ ಅವಳು ಆಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅದರಲ್ಲಿ ಕರಿಯನ ಹೆಸರು ಒಮ್ಮೆ ಬಂತು, ನನ್ನದು ಆರು ಸಲ. ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ಒಂದು ಕೈಯಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಮೆಣಸಿನ ಪುಡಿ ಹಿಡಿದು ಗಾಯಕ್ಕೆ ಮೆತ್ತಲು ಬಂದೇಬಿಟ್ಟರು. ಅದನ್ನು ಮಾತ್ರ ಮಾಡಕೂಡದು. ಭಾವ ಆ ಮೆಣಸಿನ ಪುಡಿ ಕಂಡು ಎದ್ದು ನಿಂತ ವೇಗ ನೋಡಿದರೆ ಕಾಲಿಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ ಅನ್ನಿಸಿತು. ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ನಾಯಿಗೆ ವ್ಯಾಕ್ಸಿನ್ ಆಗಿದೆಯಾ? ಆಗಿದೆ, ಆದರೆ ಕಾರ್ಡು ಕಪಾಟಿನಲ್ಲಿತ್ತು, ಕಪಾಟಿಗೆ ವರಲೆ ಹಿಡಿದಿದೆ. ನಾಯಿ ಎಲ್ಲಿದೆ? ಮನೆಯಲ್ಲಿದೆ. "ಹತ್ತು ದಿನ ಕಟ್ಟಿಹಾಕಿ ನೋಡ್ಕೊಳ್ಳಿ. ರೋಗ ಇರೋ ನಾಯಿಯಾದ್ರೆ ಅಷ್ಟರೊಳಗೆ ಸಾಯತ್ತೆ." ಹಾಗಂತ ಇಂಜೆಕ್ಷನ್ನಿಗೆ ಹತ್ತು ದಿನ ಕಾಯುವಂತಿಲ್ಲ, ಅವತ್ತೇ ಶುರು. ಕಚ್ಚಿದ್ದು ಸೊನ್ನೆಯ ದಿನ, ಆಮೇಲೆ 3, 7, 28. ಭಾವ ಆ ನಾಲ್ಕು ಅಂಕಿಗಳನ್ನು ಫಿಕ್ಸೆಡ್ ಡಿಪಾಸಿಟ್ಟಿನ ಅವಧಿಯ ಹಾಗೆ ಜೇಬಿನ ಡೈರಿಯಲ್ಲಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಫೋನು.

"ನಾಯಿ ಹೆಂಗಿದೆ?"

"ಚೆನ್ನಾಗಿದೆ ಭಾವ. ನಿಮ್ಮ ಕಾಲು?"

"ಕಾಲು ಇರ್ಲಿ ಮಾರಾಯ. ತಿಂತಾ?"

"ಎರಡು ದೋಸೆ ತಿಂತು."

"ಎರಡೇನಾ? ದಿನಾ ಎಷ್ಟು ತಿಂತಿತ್ತು?"

ಮೂರನೇ ದಿನ ಕರಿಯ ಕಟ್ಟಿದ ಬೇಜಾರಿಗೆ ಊಟ ಬಿಟ್ಟ. ನಾನು ಅದನ್ನು ಹೇಳಬಾರದಿತ್ತು. ಒಂದೂವರೆ ಗಂಟೆಯಲ್ಲಿ ಭಾವ ದಣಪೆಯಾಚೆ ಬಂದು ನಿಂತಿದ್ದರು, ಕೈಯಲ್ಲಿ ಬೇಕರಿಯ ಬನ್ನಿನ ಪೊಟ್ಟಣ. ಅಲ್ಲಿಂದಲೇ ಒಂದೊಂದಾಗಿ ಎಸೆದರು, ಅವನು ಮಲಗಿದಲ್ಲೇ ಹಿಡಿದು ತಿಂದ. ಆರೂ ಖಾಲಿಯಾದ ಮೇಲೆ ಅವರ ಮುಖಕ್ಕೆ ರಕ್ತ ಬಂತು. ನಮ್ಮ ವಂಶದಲ್ಲಿ ಇಷ್ಟು ನಾಯಿ ಆಗಿಹೋಗಿವೆ, ಯಾವುದರ ಆಯುಸ್ಸಿಗೂ ಇಷ್ಟೊಂದು ಪ್ರಾರ್ಥನೆ ನಡೆದದ್ದಿಲ್ಲ. ಅಕ್ಕ ಶೃಂಗೇರಿಗೆ ಬಂದವರು ಶಾರದಮ್ಮನವರಿಗೆ ಕುಂಕುಮಾರ್ಚನೆ ಮಾಡಿಸಿಹೋದರು. ಸಂಕಲ್ಪದಲ್ಲಿ ಯಾರ ಹೆಸರು ಹೇಳಿದರೋ ಕೇಳಲಿಲ್ಲ.

ಬೆಂಗಳೂರಿನಿಂದ ಮಗನ ಫೋನೂ ಬಂತು. ಅವನ ಅಪಾರ್ಟ್‌ಮೆಂಟಿನಲ್ಲಿ ನಾಯಿಗಳೆಲ್ಲ ಬೆಲ್ಟು ಹಾಕಿಕೊಂಡು ಲಿಫ್ಟಿನಲ್ಲಿ ಇಳಿಯುತ್ತವಂತೆ. "ಅಪ್ಪ, ಈಗ ಭಾರತೀಯ ನ್ಯಾಯ ಸಂಹಿತೆ. ಸೆಕ್ಷನ್ 291. ಸಾಕಿದ ಪ್ರಾಣಿಯಿಂದ ಜನಕ್ಕೆ ಅಪಾಯ ಆಗದ ಹಾಗೆ ನೋಡ್ಕೊಳ್ಳದೆ ಇದ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾ ಐದು ಸಾವಿರದವರೆಗೆ ದಂಡ, ಇಲ್ಲಾ ಎರಡೂ." ಹಳೆಯ ಐಪಿಸಿಯಲ್ಲಿ ಇದೇ ತಪ್ಪಿಗೆ ದಂಡ ಸಾವಿರ ಇತ್ತು. ಕರಿಯನಿಗೆ ನಾನು ಕೊಟ್ಟ ಬೆಲೆ ಒಂದು ಕವಳೆ ವೀಳ್ಯದೆಲೆ. "ಸಾರ್ವಜನಿಕ ಸ್ಥಳದಲ್ಲಿ ಕೈಯಲ್ಲಿ ಬೆಲ್ಟ್ ಇರಲೇಬೇಕು" ಅಂದ ಮಗ, ಎರಡೇ ದಿನದಲ್ಲಿ ಕೊರಿಯರಿನಲ್ಲಿ ಒಂದನ್ನು ಕಳಿಸಿಯೂ ಬಿಟ್ಟ. ಕೆಂಪು ಬಣ್ಣ, ಹಿಡಿಯಲು ಮೆತ್ತನೆಯ ಹಿಡಿ. ಆ ಮೆತ್ತೆ ಕರಿಯ ಮಲಗುವ ಗೋಣಿಗಿಂತ ಚೆನ್ನಾಗಿತ್ತು.

ಆದರೆ ನಮ್ಮಲ್ಲಿ ಸಾರ್ವಜನಿಕ ಸ್ಥಳ ಎಲ್ಲಿಂದ ಶುರುವಾಗುತ್ತದೆ? ಬೆಂಗಳೂರಿನಲ್ಲಾದರೆ ಗೇಟಿದೆ, ಗೇಟಿಗೆ ವಾಚ್‌ಮನ್ ಇದ್ದಾನೆ. ನಮ್ಮ ಮೇಲಿನ ಮನೆಗೆ ಹೋಗುವ ಕಾಲುದಾರಿ ನಮ್ಮ ಅಂಗಳದ ಮೂಲೆಯಲ್ಲೇ ಹಾಯುತ್ತದೆ. ಕರೆಂಟಿನವರು, ಓಟು ಕೇಳುವವರು, ಕೊನೆ ತೆಗೆಯುವವರು, ಅವರ ಮನೆಯ ಮದುವೆ ದಿಬ್ಬಣ, ಎಲ್ಲರೂ ಅಲ್ಲೇ ನಡೆದು ಹೋಗಬೇಕು. ಅಂಗಳ ನನ್ನದು, ದಾರಿ ಊರಿನದು, ಎರಡಕ್ಕೂ ಸಗಣಿ ಸಾರಿಸುವವಳು ನನ್ನ ಹೆಂಡತಿ. ಕರಿಯನ ಲೆಕ್ಕದಲ್ಲಿ ತಾನು ಬೊಗಳಿದ್ದು ಕೇಳುವಷ್ಟು ದೂರವೂ ಮನೆಯೇ. ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಬೇಕೆಂದು ಹೇಳಿತು. ಪೇಪರಿನಲ್ಲಿ ಅದನ್ನು ಓದುತ್ತಾ ನಾನು ಯೋಚಿಸಿದ್ದು, ನಮ್ಮಲ್ಲಿ ಬೀದಿಯೇ ಇಲ್ಲವಲ್ಲ, ಬೀದಿನಾಯಿ ಯಾವುದು? ಕತ್ತಿಗೆ ಪಟ್ಟಿಯಿಲ್ಲದ ಕರಿಯ ಟಾರು ರಸ್ತೆಯ ಮೋರಿಯ ಮೇಲೆ ಕೂತಿದ್ದರೆ ಹೊರಗಿನವರಿಗೆ ಅವನು ಬೀದಿನಾಯಿಯೇ. ಹೆಸರು ನಮಗೆ ಗೊತ್ತು, ಕಾರಿನಲ್ಲಿ ಹೋಗುವವರಿಗೆ ಹೇಗೆ ಗೊತ್ತಾಗಬೇಕು? ಇಷ್ಟು ಯೋಚಿಸಿದ ಮೇಲೆ ಮಗನ ಮಾತಿನಲ್ಲಿ ಅರ್ಥವಿದೆ ಅನ್ನಿಸತೊಡಗಿತು. ಫೋನಿನಲ್ಲಿ ಒಪ್ಪಿಕೊಳ್ಳಲಿಲ್ಲ.

ಹನ್ನೊಂದನೇ ದಿನ ಕರಿಯನಿಗೆ ಬೆಲ್ಟು ಕಟ್ಟಿ ರಸ್ತೆಗೆ ಹೊರಟೆ. ದಣಪೆ ದಾಟುವವರೆಗೆ ಚೆನ್ನಾಗಿಯೇ ಬಂದ. ಆಮೇಲೆ ಕುತ್ತಿಗೆಗೆ ಏನೋ ಹತ್ತಿದೆಯೆಂದು ಗೊತ್ತಾಗಿ ಕೂತ. ಎಳೆದೆ, ಮಲಗಿದ. ಗದ್ದೆ ಬದುವಿನಲ್ಲಿದ್ದವರು "ಎಂತ, ನಾಯಿಗೆ ಹುಷಾರಿಲ್ವಾ?" ಅಂದರು. ಇನ್ನೊಬ್ಬರು "ಎಲ್ಲಿಗೆ ಬಿಟ್ಟು ಬರ್ತೀರಿ?" ಅಂತ ಕನಿಕರದಿಂದ ಕೇಳಿದರು. ನಮ್ಮೂರಲ್ಲಿ ನಾಯಿಯನ್ನು ಹಗ್ಗ ಹಾಕಿ ಎಳೆದುಕೊಂಡು ಹೋಗುವುದು ಈ ಎರಡು ಕಾರಣಕ್ಕೇ. ಅಷ್ಟರಲ್ಲಿ ಮಳೆ ಬಂತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬೆಲ್ಟು. ಇಂಬಳ ಕಾಲು ಹತ್ತುವುದನ್ನು ಕಣ್ಣಾರೆ ನೋಡುತ್ತಾ ನಿಂತೆ, ಕೀಳಲು ಮೂರನೇ ಕೈ ಇಲ್ಲ. ಬೆಲ್ಟು ಕಂಡುಹಿಡಿದವನು ಮಲೆನಾಡಿನ ಮಳೆಗಾಲ ಕಂಡವನಲ್ಲ. ಇಂಬಳ ಕೀಳಲು ಕೊಡೆ ಮಡಿಸಿದೆ. ಕೊಡೆಯ ವಿಷಯ ನಾನು ಮರೆತಿದ್ದೆ, ಕರಿಯ ಮರೆತಿರಲಿಲ್ಲ. ಎರಡು ಗದ್ದೆ ಕೆಳಗೆ, ನಾಟಿ ಮಾಡಿದ ಕೆಸರಿನಲ್ಲಿ, ನಾನು ಎದ್ದು ನಿಂತಾಗ ಹಿಡಿ ಇನ್ನೂ ಕೈಯಲ್ಲೇ ಇತ್ತು. ಕಂಪನಿಯ ಮಾಲು ಗಟ್ಟಿ.

ರಾತ್ರಿ ಸೊಂಟಕ್ಕೆ ಬಿಸಿನೀರು ಹಾಕಿಸಿಕೊಂಡು ಮಲಗಿದಾಗ ಆತಕೂರಿನ ಕಾಳಿ ನೆನಪಾದಳು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿರುವ ಕಲ್ಲಿನ ಕತೆ ಅದು, ಕಾಲ ಕ್ರಿ.ಶ. 949-50. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನೆಂಬ ವೀರನಿಗೆ, ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ನಾನಾಗಿದ್ದರೆ ನೀರಿನ ಅನುಕೂಲವಿರುವ ಐದೆಕರೆ ತೋಟ ಕೇಳುತ್ತಿದ್ದೆ. ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು, ಹಂದಿ ನಾಯಿ ಎರಡೂ ಸತ್ತವು. ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಅಷ್ಟು ದೂರ ಯಾಕೆ, ಕುವೆಂಪು ಹುಟ್ಟಿದ್ದು ನಮ್ಮ ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1967ರಲ್ಲಿ ಬಂದ ಅವರ 'ಮಲೆಗಳಲ್ಲಿ ಮದುಮಗಳು'ವಿನಲ್ಲಿ ಗುತ್ತಿಯ ಹಿಂದೆ ಅವನ ನಾಯಿ ಹುಲಿಯ ಇದ್ದೇ ಇರುತ್ತಾನೆ, ಕೊನೆಗೆ ತುಂಗೆಯ ನೆರೆಯಲ್ಲಿ ಹೋಗುವವರೆಗೂ. ಗುತ್ತಿ ಅವನಿಗೆ ಕೆಂಪು ಬೆಲ್ಟು ಹಾಕಿ ಹಿಡಿದುಕೊಂಡಿದ್ದರೆ ಕಾದಂಬರಿ ನೂರು ಪುಟಕ್ಕೆ ಕೆಸರುಗದ್ದೆಯಲ್ಲಿ ಮುಗಿಯುತ್ತಿತ್ತು. ಆದರೆ ಹುಲಿಯನ ದಾರಿಯಲ್ಲಿ ಪ್ರವಾಸಿಗರ ಕಾರು ಇರಲಿಲ್ಲ, ಸ್ಕೂಲು ವ್ಯಾನು ಇರಲಿಲ್ಲ, ನನ್ನ ಭಾವನೂ ಇರಲಿಲ್ಲ.

ಇನ್ನು ಕಟ್ಟಿಯೇ ಇಡೋಣವೆಂದರೆ ರಾತ್ರಿಯದು ಬೇರೆ ಸಮಸ್ಯೆ. ಅಂಗಳದಲ್ಲಿ ಕಟ್ಟಿದ ನಾಯಿ ಅಂದರೆ ಚಿರತೆಗೆ ಎಲೆ ಹಾಕಿ ಬಡಿಸಿಟ್ಟ ಊಟ. ಹಿಂದಿನ ಕರಿಯ ಹೋದದ್ದೂ ಹಾಗೆಯೇ, ಬೆಳಿಗ್ಗೆ ಸರಪಳಿ ಮಾತ್ರ ಉಳಿದಿತ್ತು. ಅದನ್ನು ಕಟ್ಟಿದವನು ನಾನು. ಹಾಗಾಗಿ ಈಗಿನ ಏರ್ಪಾಡು ಹೀಗೆ. ಹಗಲು ಅಂಗಳ ತೋಟದಲ್ಲಿ ಬಿಡುಗಡೆ, ದಣಪೆಯಲ್ಲಿ ಕೂಗು ಕೇಳಿದರೆ ಕಂಬಕ್ಕೆ, ರಸ್ತೆಗೆ ಇಳಿದರೆ ಬೆಲ್ಟು, ಕತ್ತಲಾದ ಮೇಲೆ ಸೌದೆ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿ. ಹಂದಿಗಳಿಗೆ ಈ ವೇಳಾಪಟ್ಟಿ ಬಹಳ ಹಿಡಿಸಿದೆ. ಇದನ್ನೆಲ್ಲ ಭಾವನಿಗೆ ವಿವರಿಸಿದೆ. ಅವರು ಕೇಳಿ, "ಬೆಲ್ಟು ನಾಯಿಗೆ ಹಾಕಿದ್ದು ಸರಿ, ನಿನ್ನ ಬಾಯಿಗೂ ಒಂದು ಹಾಕ್ಕ ಮಾರಾಯ" ಅಂದರು.

ಇಪ್ಪತ್ತೆಂಟನೇ ದಿನ ಕೊನೆಯ ಇಂಜೆಕ್ಷನ್ ತೆಗೆದುಕೊಂಡು ಅವರು ಸ್ಕೂಟರಿನಲ್ಲಿ ಬಂದರು. ದಣಪೆಯಾಚೆ ಗಾಡಿ ನಿಂತ ಸದ್ದು. "ನಾಯಿ ಕಟ್ಟಿದೀಯಾ?"

ನಾನು ಆಗಷ್ಟೇ ಕಟ್ಟಿ ಬಂದು ಜಗಲಿಯಲ್ಲಿ ಕೂತಿದ್ದೆ. "ಕಟ್ಟಿದೀನಿ ಭಾವ, ಬನ್ನಿ" ಅಂದೆ. ಮೂವತ್ತು ವರ್ಷದಲ್ಲಿ ಈ ಮಾತು ಹೇಳಿದ್ದು ಅದೇ ಮೊದಲು, ದನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು.

"ಗಟ್ಟಿ ಕಟ್ಟಿದೀಯಾ ನೋಡು."

ಹೋಗಿ ನೋಡಿದೆ. ಕಂಬಕ್ಕೆ ಕೆಂಪು ಬೆಲ್ಟು ಕಟ್ಟಿದ ಹಾಗೆಯೇ ಇತ್ತು, ಕುತ್ತಿಗೆಯ ಪಟ್ಟಿಯ ಬಕಲು ಕೂಡ ಹಾಕಿದ್ದು ಹಾಕಿದ ಹಾಗೆಯೇ, ಒಳಗೆ ಕುತ್ತಿಗೆ ಮಾತ್ರ ಇರಲಿಲ್ಲ. ದಣಪೆಗೆ ಓಡಿದೆ. ಕರಿಯ ಸ್ಕೂಟರಿನ ಪಕ್ಕ ಕೂತು ಬಾಲದಿಂದ ನೆಲ ಗುಡಿಸುತ್ತಾ, ಭಾವನ ಕೈಯಲ್ಲಿದ್ದ ಬನ್ನಿನ ಪೊಟ್ಟಣವನ್ನೇ ನೋಡುತ್ತಿದ್ದ.

"ಅಯ್ಯೋ ಭಾವ, ತಡೀರಿ, ಹಿಡ್ಕೊಳ್ತೀನಿ!"

"ಇರ್ಲಿ ಬಿಡು" ಅಂದರು ಭಾವ. "ಅದು ಎಂತದೂ ಮಾಡಲ್ಲ."

ಕಾಲೆರಡನ್ನೂ ಮಡಿಸಿ ಸೀಟಿನ ಮೇಲೆ ಇಟ್ಟುಕೊಂಡಿದ್ದರು.