ಸಕುಟುಂಬ ಸಪರಿವಾರ ಕಾದಂಬರಿ

ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, ಕಾದಂಬರಿಗೆ ಇಲ್ಲ. ಈ ಕೊರತೆಯನ್ನು ದೊಡ್ಡಬಳ್ಳಾಪುರದ ನಮ್ಮ ಮನೆಯ ಮಟ್ಟಿಗೆ ನಾನು ತುಂಬಿದ್ದೇನೆ. ಅಧ್ಯಕ್ಷ, ಸದಸ್ಯ, ಜವಾನ ಮೂರೂ ನಾನೇ. ಪುಸ್ತಕ ತಂದು, ಮೊದಲು ಓದಿ, ಮನೆಮಂದಿ ಓದಬಹುದೋ ಇಲ್ಲವೋ ಎಂದು ತೀರ್ಪು ಕೊಡುತ್ತೇನೆ. ಸಂಬಳವಿಲ್ಲ, ಗೌರವ ಇದೆಯೆಂದು ಅಂದುಕೊಂಡಿದ್ದೇನೆ.

ಡಿ.ಆರ್. ನಾಗರಾಜ್ ಅವರಂಥ ವಿಮರ್ಶಕರು ಬಂದದ್ದು ನಮ್ಮೂರಿನಿಂದ, ಅದೂ ನೇಕಾರರ ಮನೆಯಿಂದ. ನಮ್ಮದೂ ನೇಕಾರರ ಮನೆ; ಆದ್ದರಿಂದ ವಿಮರ್ಶೆ ನನಗೂ ಮಗ್ಗದ ಸದ್ದಿನ ಜೊತೆಗೇ ಬಂದಿರಬೇಕೆಂದು ನನ್ನ ವಾದ. 'ಸದ್ದಂತೂ ಬಂದಿದೆ' ಎನ್ನುತ್ತಾಳೆ ಹೆಂಡತಿ.

ಅನಕೃ ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಅಟ್ಟದ ಮೇಲಿವೆ. ವೇಶ್ಯೆಯರ ಬದುಕಿನ ಆ ಕಾದಂಬರಿಗಳು ಬಂದಾಗ ಗದ್ದಲವೆದ್ದು, ಅನಕೃ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಮಂಡಳಿ ಆ ಉತ್ತರವನ್ನೂ ಅಟ್ಟಕ್ಕೇರಿಸಿದೆ. ಅನಂತಮೂರ್ತಿಯವರ 'ಸಂಸ್ಕಾರ'ಕ್ಕೂ (1965) ಅದೇ ಗತಿ. ಅದರ ಸಿನಿಮಾವನ್ನೇ ಸೆನ್ಸಾರಿನವರು ಮೊದಲು ತಡೆಹಿಡಿದಿದ್ದರಲ್ಲ, ನಾನೇನು ಅವರಿಗಿಂತ ಕಮ್ಮಿಯೇ? ಉಪ್ಪಿನಕಾಯಿ ಜಾಡಿ ಕೆಳಗೇ ಇದ್ದರೂ ಅಮ್ಮ ಮಧ್ಯಾಹ್ನದ ಹೊತ್ತು ಏಕೆ ಅಟ್ಟ ಹತ್ತುತ್ತಾರೆಂಬುದು ಮಂಡಳಿಯ ಗಮನಕ್ಕೆ ಬಂದಿಲ್ಲ.

ಮನೆಮಂದಿಗೆಲ್ಲ ಸಲ್ಲುವುದೆಂದು ತೇಜಸ್ವಿಯವರ 'ಕರ್ವಾಲೊ' ಪಾಸಾಯಿತು. ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕವರ ಕಥೆ, ಯಾರಿಗೇನು ತೊಂದರೆ? ಮಗ ಅದನ್ನು ಓದಿ, ಗಣಿತದ ಪುಸ್ತಕ ಮುಚ್ಚಿಟ್ಟು, ಬೇಲಿಯಿಂದ ಒಂದು ಓತಿಕ್ಯಾತ ಹಿಡಿದು ನನ್ನ ಮಂಚದ ಮೇಲೆ ಬಿಟ್ಟ. ಅದು ಹಾರಲಿಲ್ಲ, ನಾನು ಹಾರಿದೆ.

ಆಮೇಲೆ ಭೈರಪ್ಪನವರ 'ಗೃಹಭಂಗ' (1970). ಹೆಸರಲ್ಲೇ ಗೃಹ ಇದೆಯೆಂದು ಪಾಸು ಮಾಡಿ, ರಾತ್ರಿ ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಪವರ್‌ಲೂಮ್ ಓಡುವ ನಮ್ಮ ಬೀದಿಯಲ್ಲಿ ಮೆಲ್ಲಗೆ ಓದುವ ಪದ್ಧತಿಯಿಲ್ಲ. ಕಾದಂಬರಿಯ ಅತ್ತೆ ಗಂಗಮ್ಮನ ಬೈಗುಳ ಶುರುವಾಗುವುದಕ್ಕೂ ಕರೆಂಟು ಹೋಗಿ ಮಗ್ಗಗಳೆಲ್ಲ ನಿಲ್ಲುವುದಕ್ಕೂ ಸರಿಹೋಯಿತು. ಯುಪಿಎಸ್ ಇರುವುದು ನಮ್ಮನೆ ದೀಪಕ್ಕೆ, ಮಗ್ಗಕ್ಕಲ್ಲ. ಓದಿನ ಭರದಲ್ಲಿದ್ದ ನನ್ನ ದನಿ ಇಡೀ ಬೀದಿಗೆ ಕೇಳಿತು. ಎದುರುಮನೆಯಾಕೆ ಓಡಿಬಂದರು. 'ಏನಕ್ಕಾ, ಅಣ್ಣ ಯಾರಿಗೆ ಹಂಗೆ ಬೈತಾವ್ರೆ?'

'ಪುಸ್ತಕ ಓದ್ತಾವ್ನೆ ಕಣಮ್ಮ, ಕೂತ್ಕೋ' ಎಂದು ಅಮ್ಮ ನನ್ನ ಕಡೆ ತಿರುಗಿದರು. 'ನಿಲ್ಲಿಸ್ಬೇಡ ಕಣೋ, ನಮ್ಮತ್ತೆ ಮಾತಾಡಿದಂಗೇ ಐತೆ.'

ಹೆಂಡತಿ ಮಾತ್ರ ಮಾತಾಡದೆ ಕೇಳಿಸಿಕೊಂಡಳು. ಕಾದಂಬರಿಯಲ್ಲಿ ಶಾನುಭೋಗಿಕೆ ಗಂಗಮ್ಮನ ಮಗ ಚೆನ್ನಿಗರಾಯನದು, ಲೆಕ್ಕ ಬರೆಯುವವಳು ಅವನ ಹೆಂಡತಿ ನಂಜಮ್ಮ. ಗಂಡನ ಪಾಲಿಗೆ ಉಣ್ಣುವ ಕೆಲಸ. ಮರುದಿನ ಬೆಳಿಗ್ಗೆ ಚಿತ್ರಾನ್ನಕ್ಕಿಂತ ಮೊದಲು ನೂಲು-ಸೀರೆಗಳ ಲೆಕ್ಕದ ಪುಸ್ತಕ ನನ್ನ ಮುಂದೆ ಬಂತು. 'ರೀ, ಇನ್ಮೇಲೆ ಇದನ್ನ ನೀವೇ ಬರೀರಿ.'

ದಪ್ಪ ಪುಸ್ತಕದ ಸಹವಾಸವೇ ಬೇಡವೆಂದು ತೆಳ್ಳಗಿನದೊಂದನ್ನು ತಂದೆ: ವಿವೇಕ ಶಾನಭಾಗರ 'ಘಾಚರ್ ಘೋಚರ್'. ಚಿಕ್ಕಪ್ಪನ ಮಸಾಲೆ ವ್ಯಾಪಾರದಲ್ಲಿ ಬದುಕುವ ಕುಟುಂಬ, ಕೆಲಸವಿಲ್ಲದೆ ಕಾಫಿ ಹೌಸಿನಲ್ಲಿ ಕೂರುವ ಗಂಡ. ಇರುವೆಗಳ ಭಾಗ ಬಹಳ ಚೆನ್ನಾಗಿದೆ, ಅಷ್ಟು ಓದಿದರೆ ಸಾಕು ಎಂದು ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಓದಿದಳು. ಮುಗಿಸಿ ಕೇಳಿದ್ದು ಒಂದೇ: 'ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಎಷ್ಟೊತ್ತು ಕೂರ್ತೀರಿ?'

ಮಂಡಳಿಯ ಪರಿಷ್ಕೃತ ತೀರ್ಪು ಹೀಗಿದೆ. 'ನಗ್ನಸತ್ಯ', 'ಸಂಸ್ಕಾರ' ಯಾರು ಬೇಕಾದರೂ ಓದಬಹುದು. ಅವುಗಳಲ್ಲಿ ನನ್ನ ಸುದ್ದಿ ಇಲ್ಲ. 'ಗೃಹಭಂಗ', 'ಘಾಚರ್ ಘೋಚರ್' ಎರಡೂ ಒಳ್ಳೆಯ ಕಾದಂಬರಿಗಳು. ಗಂಡಂದಿರು ದಯವಿಟ್ಟು ಅವನ್ನು ಗ್ರಂಥಾಲಯದಲ್ಲೇ ಕೂತು ಓದಿ ಮುಗಿಸಬೇಕಾಗಿ ವಿನಂತಿ.