ನಾಲ್ಕು ತಾಲ್ಲೂಕುಗಳ ಆಲ್ಪ್ಸ್ ನಗರಿ: ಒಂದು ಸ್ಥಳನಿರ್ಣಯ

ಆಲ್ಪ್ಸ್ ನಗರಿಗೆ ಎತ್ತರ, ನದಿ, ಚಿನ್ನ, ಉಣ್ಣೆ ಎಂಬ ನಾಲ್ಕು ಲಕ್ಷಣಗಳು ಕಡ್ಡಾಯ. ಹಿಮ ಐಚ್ಛಿಕ; ಬೇಸಿಗೆ ರಜೆಯಲ್ಲಿ ಬಾಡಿಗೆ ಕಾರು ಹಿಡಿದು ಯುರೋಪ್ ಸುತ್ತುವ ಕನ್ನಡಿಗರಿಗೆ ಪೇಟೆಬೀದಿಯಲ್ಲಿ ಅದು ಕಾಣುವುದೂ ಇಲ್ಲ. ಲಕ್ಷಣಕ್ಕೆ ಲಕ್ಷ್ಯವಾಗಿ ಆಸ್ಟ್ರಿಯಾದ ಇನ್ಸ್‌ಬ್ರುಕ್ಕನ್ನು ಹಿಡಿಯಬಹುದು. ಜರ್ಮನಿಯಿಂದ ಬ್ರೆನ್ನರ್ ಕಣಿವೆ ಹಾದು ಇಟಲಿಗೆ ಹೋಗುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕೆ ಸಾಟಿ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ.

ಇನ್ಸ್‌ಬ್ರುಕ್ ಸಮುದ್ರಮಟ್ಟದಿಂದ 574 ಮೀಟರ್ ಮೇಲಿದೆ. ಎಚ್.ಡಿ. ಕೋಟೆಯ ಕಬಿನಿ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಅಂದರೆ 696 ಮೀಟರ್. ತುಂಬಿದ ಹಿನ್ನೀರಿನಲ್ಲಿ ಕೊರಳವರೆಗೆ ಮುಳುಗಿದ ಕೋಟೆಯ ಎಮ್ಮೆ ಇನ್ಸ್‌ಬ್ರುಕ್ಕಿನ ಮೇಯರ್‌ಗಿಂತ ಎತ್ತರದಲ್ಲಿದೆ ಎಂಬುದು ಇದರಿಂದ ಸಿದ್ಧ. ಊರ ಸುತ್ತ 2,000 ಮೀಟರ್ ಮೀರಿದ ಶಿಖರಗಳಿವೆಯಲ್ಲ ಎಂದು ಪೂರ್ವಪಕ್ಷದವರು ಆಕ್ಷೇಪಿಸಬಹುದು. ಅದು ಪಕ್ಕದವನ ಜಮೀನನ್ನು ತನ್ನ ಪಹಣಿಯಲ್ಲಿ ಬರೆಸಿಕೊಂಡಂತೆ, ಅಗ್ರಾಹ್ಯ.

ಆದರೂ ಬರೀ ಎಮ್ಮೆಯಿಂದ ನಗರಿಯಾಗದು. ಕೆ.ಆರ್. ನಗರ ಭತ್ತದ ಬಯಲು. ಚುಂಚನಕಟ್ಟೆಯ ಜಲಪಾತವೊಂದೇ ಅದರ ಪರ ಸಾಕ್ಷಿ. ಹುಣಸೂರಿನವರು ಹೊಗೆಯಾಡುವ ತಂಬಾಕಿನ ಬ್ಯಾರನ್‌ಗಳನ್ನು ತೋರಿಸಿ, ಇವು ಆಲ್ಪ್ಸ್ ಕುಟೀರಗಳಲ್ಲವೇ ಎನ್ನುತ್ತಾರೆ. ಹತ್ತಿರ ಹೋದರೆ ಘಾಟು ವಾದವನ್ನು ಕೆಡಿಸುತ್ತದೆ.

ಉಳಿದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. ಮಿಕ್ಕ ತಾಲ್ಲೂಕುಗಳು ಬೆಟ್ಟ ಹುಡುಕುತ್ತಿರುವಾಗ ಇಲ್ಲಿಗೆ 1960ರ ದಶಕದ ಮೊದಲಲ್ಲಿ ಬೆಟ್ಟದವರೇ ಬಂದರು. ಮನೆ ಕಳೆದುಕೊಂಡು ಹಿಮಾಲಯದಾಚೆಯಿಂದ ಬಂದ ಟಿಬೆಟನ್ನರು ಕಾಡು ಸವರಿ ಮುಸುಕಿನ ಜೋಳ ಬೆಳೆದರು. ಇಲ್ಲಿ ಮಾತ್ರ ಈ ಸ್ಥಳನಿರ್ಣಯದ ತಮಾಷೆ ಅರೆಗಳಿಗೆ ನಿಲ್ಲಬೇಕಾಗುತ್ತದೆ. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುವಾಯಿತು. ಅಲ್ಲಿನ ದೇಗುಲವನ್ನೇ ಜನ ‘ಗೋಲ್ಡನ್ ಟೆಂಪಲ್’ ಎನ್ನುವುದು.

ಚಿನ್ನದ ವಿಚಾರದಲ್ಲಿ ಇನ್ಸ್‌ಬ್ರುಕ್ಕಿನ ಬಂಡವಾಳ ಒಂದು ಉಪ್ಪರಿಗೆ. 1500ರಲ್ಲಿ ಒಂದನೇ ಮ್ಯಾಕ್ಸಿಮಿಲಿಯನ್ ದೊರೆ ಕೆಳಗಿನ ಚೌಕದ ಆಟ ನೋಡಲೆಂದು ಸಿದ್ಧವಾದ ಅದರ ಮಾಡಿಗೆ ಚಿನ್ನ ಲೇಪಿಸಿದ 2,657 ತಾಮ್ರದ ಹೆಂಚುಗಳಿವೆ. ಬೈಲಕುಪ್ಪೆಯಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂವರೂ ಹೊನ್ನಿನ ಬಣ್ಣದಲ್ಲಿ ಒಳಗೇ ಕುಳಿತಿದ್ದಾರೆ. ಮಳೆ ಬಂದರೂ ದರ್ಶನಕ್ಕೆ ಅಡ್ಡಿಯಿಲ್ಲ. ಉಣ್ಣೆಗೆ ಬೇರೆ ಪುರಾವೆ ಬೇಡ: ಚಳಿ ಬಿದ್ದೊಡನೆ ರಾಜ್ಯದ ಪೇಟೆಗಳಲ್ಲಿ ಟಿಬೆಟನ್ನರ ಸ್ವೆಟರ್ ಸಾಲು ಏಳುತ್ತದೆ.

ದಾರಿ ಸುಲಭ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಸುಂಕ ಕಟ್ಟಬೇಕು. ಹುಣಸೂರು ಹಾದಿಗೆ ಬಂಪರಿಗೊಂದು ನಿಂಬೆಹಣ್ಣು ಕಟ್ಟಿದರೆ ಸಾಕು.

ತೊಡಕಿರುವುದು ನದಿಯಲ್ಲಿ. ಇನ್ ನದಿ ಊರೊಳಗೇ ಹರಿದರೆ, ಇಲ್ಲಿ ಕೊಪ್ಪದ ಬಳಿ ಕಾವೇರಿಯೇ ಜಿಲ್ಲೆಯ ಗಡಿ; ಆಚೆ ಕೊಡಗಿನ ಕುಶಾಲನಗರ. ಪ್ರವಾಸಿಗರು ಈಚೆ ದಡದಲ್ಲಿ ಮೊಮೊ ತಿಂದು, ಫೋಟೊ ತೆಗೆದು, ಅದರ ಕೆಳಗೆ ‘ಕೂರ್ಗ್ ಟ್ರಿಪ್’ ಎಂದು ಬರೆಯುತ್ತಾರೆ. ತಾಲ್ಲೂಕು ಕಚೇರಿಯ ಕಡತದಲ್ಲಿ ಮಾತ್ರ ಆ ನೆಲ ಇನ್ನೂ ಪಿರಿಯಾಪಟ್ಟಣದ್ದೇ.